ಸಿಟಿ ಸ್ಕ್ಯಾನಿನಲ್ಲಿ ಪ್ರಾಣಾಯಾಮ

ಹೃದಯದ ರಕ್ತನಾಳ ಕಟ್ಟಿದೆಯೇ ಎಂದು ನೋಡಲು ಡಾಕ್ಟರು ನನ್ನನ್ನು ನೆರೂಳಿನ ಆಸ್ಪತ್ರೆಗೆ ಸಿಟಿ ಸ್ಕ್ಯಾನಿಗೆ ಕಳಿಸಿದ್ದರು. ಚಿತ್ರ ಸ್ಪಷ್ಟವಾಗಿ ಬಾರದಿದ್ದರೆ ಮಣಿಕಟ್ಟಿನಿಂದ ಹೃದಯದವರೆಗೆ ನಳಿಗೆ ತೂರಿಸಿಯೇ ನೋಡಬೇಕಂತೆ. ಆ ಹೆದರಿಕೆಗೇ ನನ್ನ ಎದೆ ಜೋರಾಗಿ ಬಡಿಯುತ್ತಿತ್ತು. ಬಡಿತ ನಿಧಾನವಾಗಲು ಮಾತ್ರೆ ಕೊಟ್ಟು, ಯಂತ್ರ ನಡೆಸುವ ಹುಡುಗಿ ನನ್ನನ್ನು ಮಲಗಿಸಿ ಎರಡೂ ಕೈ ತಲೆಯ ಮೇಲಕ್ಕೆ ಎತ್ತಿ ಇರಿಸಿದಳು.

“ಕಾಕಾ, ಎರಡು ಬಡಿತದ ನಡುವೆ ಹೃದಯ ಒಂದು ಕ್ಷಣ ಸುಮ್ಮನಿರುತ್ತದೆ. ಆಗಲೇ ಫೋಟೋ. ನೀವೂ ಅಲ್ಲಾಡಬೇಡಿ,” ಎಂದು ಹಿಂದಿಯಲ್ಲಿ ಹೇಳಿ ಹೊರಗೆ ಹೋದಳು.

ಯಂತ್ರ “ಸಾಂಸ್ ರೋಕೋ” ಎಂದಿತು. ಉಸಿರು ಹಿಡಿದೆ. ಬಲಗೈ ತಾನಾಗಿ ಇಳಿದು ಮೂಗನ್ನೂ ಹಿಡಿಯಿತು. ಉಪನಯನವಾದಂದಿನಿಂದ ಸಂಧ್ಯಾವಂದನೆಯಲ್ಲಿ ನಾನು ಉಸಿರು ಹಿಡಿಯುವುದೇ ಹಾಗೆ.

ಚಿತ್ರ ಕಲಸಿಹೋಯಿತು. ಹುಡುಗಿ ಒಳಗೆ ಬಂದು, “ಯಾಕೆ ಕಾಕಾ, ನಮ್ಮ ಮಷೀನು ನಾರುತ್ತದೆಯೇ?” ಎಂದಳು.

ಕಾರಣ ಹೇಳಿದೆ. ಅವಳು ನಕ್ಕು, “ಮಂತ್ರ ಮನಸ್ಸಿನಲ್ಲಿ ನಡೆಯಲಿ. ಮೂಗು ಎಲ್ಲಿಗೂ ಹೋಗುವುದಿಲ್ಲ,” ಎಂದಳು.

ಯಂತ್ರ ಮತ್ತೊಮ್ಮೆ ಹೇಳಿದಾಗ ಕೈ ತಲೆಯ ಮೇಲೇ ಇಟ್ಟು, ಗಾಯತ್ರಿಯನ್ನು ನೆನೆದು ಮರದ ಕೊರಡಿನಂತೆ ಮಲಗಿದೆ. ದೇವರ ದಯೆ, ಚಿತ್ರವೂ ಸ್ವಚ್ಛ, ನಾಳವೂ ಸ್ವಚ್ಛ.

ಮರುದಿನ ಬೆಳಿಗ್ಗೆ ಡೊಂಬಿವಲಿಯ ಮನೆಯಲ್ಲಿ ಸಂಧ್ಯಾವಂದನೆಗೆ ಕುಳಿತು ಉಸಿರು ಹಿಡಿದೆ. ಎರಡೂ ಕೈ ತಲೆಯ ಮೇಲಕ್ಕೆ ಹೋದವು.

“ಎಂತ ಮಾರಾಯ್ರೆ,” ಎಂದಳು ಹೆಂಡತಿ, “ಇನ್ನೂ ಫೋಟೋ ತೆಗೀತಾ ಇದ್ದಾರಾ?”