ಅಂಜಲೈಯಕ್ಕನ ಸಾಂಬಾರು

ಬೆಸೆಂಟ್ ನಗರದ ಕಡಲ ದಂಡೆಯಲ್ಲಿ ಬೆಳಗಿನ ನಡಿಗೆಗೆ ಹೋದಾಗ ಒಣಮೀನಿನ ವಾಸನೆ ಬಂದರೆ ಜೊತೆಯವರು ಮೂಗು ಮುಚ್ಚಿಕೊಳ್ಳುತ್ತಾರೆ. ಹುಟ್ಟಿದಾಗಿನಿಂದ ಮೀನು ಮುಟ್ಟದ ನನಗೆ ಮಾತ್ರ ಹಸಿವಾಗುತ್ತದೆ, ಅದೂ ಸಾಂಬಾರಿನ ಹಸಿವು. ಹೇಳಿದರೆ ನಗುತ್ತಾರೆ. ನಗಲಿ, ಕಳೆದುಹೋದ ಮನೆಯೊಂದರ ರುಚಿ ನಾಲಿಗೆಯಲ್ಲಿ ಉಳಿದಿರುವವರಿಗಾದರೂ ಇದು ಅರ್ಥವಾದೀತು.

ತ್ರಿಪ್ಲಿಕೇನಿನಲ್ಲಿ ಅಪ್ಪನದೊಂದು ಸಣ್ಣ ಮೆಸ್ಸಿತ್ತು, ಅದರ ಮಾಳಿಗೆಯಲ್ಲಿ ನಮ್ಮ ಸಂಸಾರ. ಉಡುಪಿ ಕಡೆಯಿಂದ ಬಂದ ಅಪ್ಪ ಬೇರೆ ಎಲ್ಲದರಲ್ಲೂ ಸಾಧು, ಉಪ್ಪಿನ ವಿಷಯ ಬಂದರೆ ಮಾತ್ರ ದೂರ್ವಾಸ ಮುನಿ. ಒಂದು ಚಿಟಿಕೆ ಹೆಚ್ಚಾದರೂ ಅಡುಗೆಯವರ ಜನ್ಮ ಜಾಲಾಡುತ್ತಿದ್ದರು. ಅಂಜಲೈಯಕ್ಕ ಪಳವೇರ್ಕಾಡಿನ ಹಿನ್ನೀರಿನಾಚೆಯ ದ್ವೀಪದ ಮೀನುಗಾರ ಹೆಂಗಸು. ಮಗನನ್ನು ನಮ್ಮ ಬೀದಿಯ ಹತ್ತಿರದ ಆಸ್ಪತ್ರೆಗೆ ಸೇರಿಸಿದ್ದ ಹದಿನೈದು ದಿನವೂ ಅಮ್ಮ ಅವಳಿಗೆ ಎರಡು ಹೊತ್ತು ಊಟ ಕಳಿಸಿದ್ದಳು. ಮಗ ಗುಣವಾಗಿ ಹೊರಡುವಾಗ ಅವಳು ಅಮ್ಮನ ಕೈ ಹಿಡಿದು, ದೀಪಾವಳಿಯ ಮರುದಿನ ಮೆಸ್ಸಿಗೆ ರಜೆಯಲ್ಲವೇ, ಅವತ್ತು ನಮ್ಮೂರಿಗೆ ಬನ್ನಿ ಎಂದು ಮಾತು ತೆಗೆದುಕೊಂಡಳು.

ಆ ದಿನ ದೋಣಿ ಇಳಿದರೆ ಮರಳಿನ ತುಂಬ ಒಣಹಾಕಿದ ಮೀನು, ಹರಡಿದ ಬಲೆ, ನಡುವೆ ಓಡಾಡುವ ಕೋಳಿಗಳು. ಅಪ್ಪ ಬಸ್ಸಿನಲ್ಲೇ ಅಪ್ಪಣೆ ಕೊಟ್ಟಿದ್ದರು: "ಅಲ್ಲಿ ಎಂತದೂ ತಿನ್ನುದು ಬೇಡ ಆಯ್ತಾ, ಬುತ್ತಿ ಉಂಟಲ್ಲ." ಆದರೆ ಮೀನು ಬೇಯುವ ತನ್ನ ಮನೆಯಿಂದ ದೂರ, ಬೇವಿನ ಮರದಡಿ, ಅಂಜಲೈಯಕ್ಕ ಮೂರು ಹೊಸ ಇಟ್ಟಿಗೆಯ ಒಲೆ ಹೂಡಿದ್ದಳು. ಮಡಕೆ ಹೊಸದು, ಸೌಟು ಹೊಸದು, ನುಗ್ಗೆಕಾಯಿ ಮುಂಜಾನೆಯೇ ದೋಣಿಯಲ್ಲಿ ಹೋಗಿ ತಂದದ್ದು. ಮೀನು ತಿನ್ನುವ ಬಾಯಿ ಎಂದು ಅವಳು ಸಾಂಬಾರಿನ ರುಚಿಯನ್ನೂ ನೋಡಿರಲಿಲ್ಲ. "ನಾಲಿಗೆಗೆ ಒಂದು ಹನಿ ಸೋಕಿಸಿಲ್ಲ ಸಾಮಿ," ಎಂದು ತಮಿಳಿನಲ್ಲಿ ಹೇಳಿ, ಹೆಮ್ಮೆಯಿಂದ ಬಾಳೆಲೆ ಹಾಸಿದಳು. ಅರ್ಧ ಊರೇ ನೋಡಲು ನಿಂತಿತ್ತು. ಅಪ್ಪ ಬುತ್ತಿಯ ಚೀಲ ನೋಡಿದರು, ಹೊಸ ಮಡಕೆ ನೋಡಿದರು, ಕೂತುಬಿಟ್ಟರು.

ಮೊದಲ ತುತ್ತಿಗೇ ನನ್ನ ಕಣ್ಣಲ್ಲಿ ನೀರು. ಉಪ್ಪು ಎರಡು ಸಲ ಬಿದ್ದಿರಬೇಕು. ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ತೊಡೆ ಚಿವುಟಿದಳು. ಅಂಜಲೈಯಕ್ಕ ಸೌಟು ಹಿಡಿದು ಅಪ್ಪನ ಮುಖವನ್ನೇ ನೋಡುತ್ತಿದ್ದಳು. ಊರವರ ಎದುರು ಅವಳ ಮುಖ ಸಣ್ಣದಾಗಲು ಅಪ್ಪನ ಒಂದು ಮಾತು ಸಾಕಿತ್ತು. ಅಪ್ಪ ನಿಧಾನವಾಗಿ ಉಂಡು, ಎಲೆ ಮುಂದೆ ಸರಿಸಿ, "ಇನ್ನುಂ ಕೊಂಜಂ" ಎಂದು ತಮಿಳಿನಲ್ಲೇ ಕೇಳಿ ಇನ್ನಷ್ಟು ಬಡಿಸಿಕೊಂಡರು. ವಾಪಸು ಬರುವ ದೋಣಿಯಲ್ಲಿ, ಮನೆಯಿಂದ ತಂದಿದ್ದ ನೀರನ್ನೆಲ್ಲ ಒಬ್ಬರೇ ಕುಡಿದು ಮುಗಿಸಿ, "ಮೆಸ್ಸಲ್ಲಿ ಯಾರಿಗೂ ಹೇಳ್ಬೇಡಿ," ಎಂದರು. ಅಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಪಳವೇರ್ಕಾಡಿನವರೆಗೂ ನಕ್ಕಳು.

ಆಮೇಲೆ ಏಳು ವರ್ಷ ಹೋದೆವು. ಏಳು ಸಲವೂ ಹೊಸ ಮಡಕೆ, ಅಷ್ಟೇ ಉಪ್ಪು. ಅಪ್ಪನೂ ಏಳು ಸಲ ಎರಡೆರಡು ಬಾರಿ ಬಡಿಸಿಕೊಂಡರು.

ಮೆಸ್ಸಿನ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಅಪ್ಪ, ಅಮ್ಮ ಇಬ್ಬರೂ ಇಲ್ಲ. ಕಳೆದ ದೀಪಾವಳಿಯ ಮರುದಿನ ಯಾಕೋ ತಡೆಯಲಾರದೆ ಒಬ್ಬಳೇ ಹೋದೆ. ದ್ವೀಪದ ಎಷ್ಟೋ ಮನೆಗಳಿಗೆ ಬೀಗ ಬಿದ್ದಿದೆ. ಬೆನ್ನು ಬಾಗಿದ ಅಂಜಲೈಯಕ್ಕ ನನ್ನನ್ನು ಕಂಡದ್ದೇ ಒಲೆ ಹೂಡಿ ಸಾಂಬಾರು ಮಾಡಿ, ಬೇವಿನ ಮರದಡಿ ಎಲೆ ಹಾಸಿ, ಗುಟ್ಟು ಹೇಳುವಂತೆ ಹೇಳಿದಳು: "ಮೊದಲ ಸಲ ನೀವು ಹೋದ ಮೇಲೆ ಮಡಕೆಯ ತಳ ಬಳಿದು ತಿಂದು ನೋಡಿದೆ ಮಗಳೇ. ಬಾಯಿಗಿಡೋಕಾಗಲಿಲ್ಲ. ಆದರೆ ನಿಮ್ಮಪ್ಪ ಕೇಳಿ ಹಾಕಿಸಿಕೊಂಡಿದ್ದರಲ್ಲ, ಅವರಿಗೆ ಅಷ್ಟು ಉಪ್ಪು ಬೇಕು ಅಂತ ಪ್ರತಿ ವರ್ಷವೂ ಹಾಗೇ ಹಾಕಿದೆ. ನಿನಗೂ ಹಾಗೇ ಮಾಡಿದ್ದೀನಿ."

ನಗು ಉಕ್ಕಿಬಂತು. ಇದನ್ನು ಕೇಳಿಸಿಕೊಳ್ಳಲು ಅಪ್ಪ ಇರಬೇಕಿತ್ತು. ತುತ್ತು ನುಂಗಿದೆ, ಕಣ್ಣೊರೆಸಿಕೊಂಡೆ, ಎಲೆ ಮುಂದೆ ಸರಿಸಿ "ಇನ್ನುಂ ಕೊಂಜಂ" ಎಂದೆ.