ಗಯೆಟಾನೊ ಎಂದು ಕರೆಯಲಾರದ ತಾತ

ಅಮೆರಿಕದ ಸ್ಯಾನ್ ಪೆಡ್ರೋದಲ್ಲಿರುವ ಇಟಲಿ ಮೂಲದ ಮುದುಕ ಗಯೆಟಾನೊಗೆ ಮೂರು ವಾರದ ಕೂಲಿ ಇನ್ನೂ ಬರಬೇಕಿದೆ.

೨೦೨೦ರ ಏಪ್ರಿಲಿನಲ್ಲಿ ಚಾಟ್ಸ್‌ವರ್ತ್‌ನ ಲೇತ್ ವರ್ಕ್‌ಶಾಪೊಂದು ಬಾಗಿಲು ಹಾಕಿತು. ಕಡೆಯ ಮೂರು ವಾರ ಕೋವಿಡ್ಡಿಗೆ ಹೆದರಿ ಯಾರೂ ಕೆಲಸಕ್ಕೇ ಬರಲಿಲ್ಲ ಎಂದು ಮಾಲೀಕ ಕೈಯೆತ್ತಿದ. ಹಸಿ ಸುಳ್ಳು. ಗಯೆಟಾನೊ, ಫೋರ್‌ಮನ್ ಸೇರಿ ಹನ್ನೊಂದು ಜನ ಮೂಗಿಗೆ ಕರ್ಚೀಫು ಕಟ್ಟಿಕೊಂಡು ದಿನಾ ಬಂದಿದ್ದರು. ಆ ಫೋರ್‌ಮನ್ನೇ ಮೈಸೂರಿನ ಗುಲಾಮ್ ಮೊಹಿಯುದ್ದೀನ್.

ಗಯೆಟಾನೊ ಒಂದು ಹಾಳೆ ಹಿಡಿದು ಅವನ ಮನೆಗೆ ಬಂದ. ‘ನಾವು ಕೆಲಸ ಮಾಡಿದ್ದೇವೆ’ ಎಂದು ಎರಡು ಸಾಲು, ಕೆಳಗೆ ಸಹಿಗೆ ಜಾಗ. ಫೋರ್‌ಮನ್ ಸಹಿ ಬಿದ್ದರೆ ಉಳಿದವರೂ ಹಾಕುತ್ತಿದ್ದರು. ಆದರೆ ಮಾಲೀಕ ಅಷ್ಟರಲ್ಲಿ ತನ್ನ ತಮ್ಮನ ಕಾರ್ಖಾನೆಯಲ್ಲಿ ಮೊಹಿಯುದ್ದೀನನಿಗೊಂದು ಕೆಲಸ ಕೊಡಿಸಿಯಾಗಿತ್ತು. ಮೊಹಿಯುದ್ದೀನ್ ಪರದೆಯ ಸಂದಿಯಿಂದ ನೋಡಿದ. ಮುದುಕ ಮೂರು ಸಲ ಬೆಲ್ ಒತ್ತಿದ, ಹೋದ. ಲೇತ್ ಹಿಡಿಯುವುದನ್ನು ಮೊಹಿಯುದ್ದೀನನಿಗೆ ಕಲಿಸಿದ ಕೈ ಅದು.

ಎರಡು ವರ್ಷ ಕಳೆಯಿತು. ಡೆಲ್ ಮಾರ್ ಹತ್ತಿರ, ಮೊಹಿಯುದ್ದೀನನ ಮಗಳು ಅಮ್ನಾಳ ಮನೆಯಲ್ಲಿ ಮೊದಲ ಮೊಮ್ಮಗನಿಗೆ ಹೆಸರಿಡುವ ಏಳನೇ ದಿನ. ಮಗುವಿನ ಕೂದಲು ತೆಗೆಸಿಯಾಗಿತ್ತು. ಇವರ ಮನೆತನದಲ್ಲಿ ಹಿರಿಯನೇ ಕೂಸಿನ ಕಿವಿಯಲ್ಲಿ ಅಜಾನ್ ಹೇಳಿ, ಅದರ ಬೆನ್ನಿಗೇ ಹೆಸರನ್ನೂ ಹೇಳಬೇಕು. ಅಮ್ನಾ ಹೆಸರು ಆರಿಸಿದ್ದಳು: ಗಯೆಟಾನೊ.

“ಏನ್ರೀ ಇದು, ಶೈತಾನ್ ಅಂದ್ಹಾಗೆ ಕೇಳ್ಸುತ್ತೆ,” ಎಂದಳು ಹೆಂಡತಿ ರಯೀಸಾ.

ಮೊಹಿಯುದ್ದೀನನ ತಮ್ಮ ಮುಜ್ತಬಾ ಬಿಡುತ್ತಾನೆಯೇ? “ಈ ಹೆಸರಿನವರು ಸಿನಿಮಾದಲ್ಲಿ ಮಾತ್ರ ಇರ್ತಾರೆ ಕಣಮ್ಮಾ. ಒಂದೋ ಕೋಟು ಹಾಕ್ಕೊಂಡು ಸುಪಾರಿ ಕೊಡ್ತಾರೆ, ಇಲ್ಲಾ ಪಿಜ್ಜಾ ಡಬ್ಬಿ ಮೇಲೆ ಮೀಸೆ ತಿರುವ್ತಿರ್ತಾರೆ.”

“ನಮ್ಮ ಆಫೀಸಿನ ಇಟಲಿಯವನೇ ನಕ್ಕ, ಅಂಕಲ್,” ಎಂದ ಸೊರೆಂಟೊ ವ್ಯಾಲಿಯಲ್ಲಿ ಕೆಲಸ ಮಾಡುವ ಅಳಿಯ ಆಕಿಫ್. “ತಾತಂದಿರ ಹೆಸರಂತೆ. ಮಗ ಹುಟ್ಟುತ್ಲೇ ರಿಟೈರ್ ಆದ್ನಾ ಅಂತ ಕೇಳ್ದ.”

“ನಗ್ರಿ ಎಲ್ರೂ,” ಎಂದಳು ಅಮ್ನಾ. “ಚಿಕ್ಕೋಳಿದ್ದಾಗ ಅಬ್ಬಾನ ವರ್ಕ್‌ಶಾಪಲ್ಲಿ ನಂಗೆ ಮೈಕ್ರೋಮೀಟರ್ ಹಿಡಿಯೋದು ಕಲಿಸಿದ್ದು ಗಯೆಟಾನೊ ಅಂಕಲ್. ನಾನು ಇಂಜಿನಿಯರ್ ಆಗಿದ್ದೇ ಅದರಿಂದ. ಹೆಸರಲ್ಲೇನಿದೆ, ಇಟಲಿಯ ಒಂದೂರಿನವನು ಅಂತ ಅರ್ಥ ಅಷ್ಟೇ, ಮೈಸೂರಿನವನು ಅಂದ್ಹಾಗೆ. ಅಬ್ಬಾ, ನೀವಾದ್ರೂ ಹೇಳಿ.”

ಮೊಹಿಯುದ್ದೀನ್ ಗಂಟಲು ಸರಿಮಾಡಿಕೊಂಡ. “ನಮ್ಮ ಹೆಸರಲ್ಲ ಅದು. ನಾಳೆ ಅಲ್ಲಾಹನ ಮುಂದೆ ಏನಂತ ಕರೀತಾರೆ?”

ಶುಕ್ರವಾರದ ನಮಾಜಿಗೂ ಎಳೆದುಕೊಂಡು ಹೋಗಬೇಕಾದ ಮನುಷ್ಯ! ಅವತ್ತು ಕಿಟಕಿಗೆ ಬಟ್ಟೆಯ ಪರದೆ ಇತ್ತು. ಇವತ್ತು ಧರ್ಮವನ್ನೇ ಎಳೆದುಕೊಂಡ.

“ಮಸೀದೀಲಿ ಕೇಳಾಯ್ತು, ತೊಂದ್ರೆ ಇಲ್ಲ ಅಂದ್ರು,” ಎಂದು ಅಮ್ನಾ ಮಗುವನ್ನು ಅವನ ತೋಳಿಗಿಟ್ಟಳು. ಅವನು ಅಜಾನ್ ಹೇಳಿದ. ಹೆಸರಿನ ಹತ್ತಿರ ನಿಂತುಬಿಟ್ಟ.

“ಹೇಳಿ ಅಬ್ಬಾ. ನಿನ್ನೆ ಅಂಕಲ್‌ಗೂ ಫೋನ್ ಮಾಡಿ ಕರೆದೆ. ಅವರು ಬರ್ತೀನಿ ಅಂತಾನೂ ಅನ್ನಲಿಲ್ಲ, ಇಲ್ಲ ಅಂತಾನೂ ಅನ್ನಲಿಲ್ಲ. ‘ನಿಮ್ಮಪ್ಪ ಮನೇಲಿದ್ದಾನಾ ಕೇಳು’ ಅಂದ್ರು. ಅದೇನು ಹಾಗಂದ್ರೆ?”

ಕಂಡಿದ್ದಾನೆ ಮುದುಕ. ಪರದೆ ಅಲುಗಿದ್ದನ್ನು ಅವತ್ತೇ ಕಂಡಿದ್ದಾನೆ. ಮೊಹಿಯುದ್ದೀನ್ ಕೂಸಿನ ಬೋಳು ತಲೆ ನೋಡುತ್ತಲೇ ಎಲ್ಲ ಒದರಿದ: ಬೆಲ್ಲು, ಹಾಳೆ, ಹೊಸ ಕೆಲಸ. ಬಿರಿಯಾನಿ ಬಡಿಸುತ್ತಿದ್ದ ರಯೀಸಾಳ ಸೌಟು ನಿಂತಿತು.

ಅಮ್ನಾ ಕೂಗಾಡಲಿಲ್ಲ. ಮಗುವನ್ನು ವಾಪಸ್ ತೆಗೆದುಕೊಂಡಳು. “ಹೆಸರು ನಾನೇ ಹೇಳ್ತೀನಿ. ನೀವು ಹೋಗಿ ಮೊದಲು ಸಹಿ ಹಾಕಿ.”

ಊಟ ಮಾಡದೆ ಸ್ಯಾನ್ ಪೆಡ್ರೋಗೆ ಡ್ರೈವ್ ಮಾಡಿದ. ಗಯೆಟಾನೊ ಬಾಗಿಲು ತೆಗೆದ, ಒಳಗೆ ಕರೆಯಲಿಲ್ಲ. ಅದೇ ಹಳೆಯ ಹಾಳೆ ತಂದು ಹೊಸ್ತಿಲಲ್ಲೇ ಕೊಟ್ಟ, ಪೆನ್ನೂ ಕೊಟ್ಟ. ಸಹಿಯಾದ ಮೇಲೆ ಬಾಗಿಲು ಹಾಕಿಕೊಂಡ. ಅಪ್ಪಿಕೊಳ್ಳುವುದು, ಕಣ್ಣೀರು, ಅದೆಲ್ಲ ಏನೂ ಆಗಲಿಲ್ಲ. ಯಾಕಾಗಬೇಕು?

ತಿಂಗಳೊಳಗೆ ಮಾಲೀಕನ ತಮ್ಮನ ಕಾರ್ಖಾನೆಯಲ್ಲಿದ್ದ ಮೊಹಿಯುದ್ದೀನನ ಕೆಲಸ ಹೋಯಿತು. ಈಗ ಮೊಮ್ಮಗ ಸ್ಕೂಟರ್ ತಳ್ಳಿಕೊಂಡು ಓಡುತ್ತಾನೆ. ಮನೆಯವರೆಲ್ಲ ಅವನನ್ನು ಗಯೆಟಾನೊ ಎಂದೇ ಕರೆಯುತ್ತಾರೆ, ಮುಜ್ತಬಾ ಕೂಡ. ತಾತ ಮಾತ್ರ “ಪಾಪೂ” ಅನ್ನುತ್ತಾನೆ. ಆ ಹೆಸರು ಅವನ ನಾಲಿಗೆಗೆ ಇನ್ನೂ ಏರಿಲ್ಲ.

ಆ ಹಾಳೆಯಲ್ಲಿ ಹನ್ನೊಂದರಲ್ಲಿ ಎರಡೇ ಸಹಿ, ಮುದುಕನದು ಮತ್ತು ಮೊಹಿಯುದ್ದೀನನದು; ಉಳಿದವರು ಅಷ್ಟರಲ್ಲಿ ಚದುರಿಹೋಗಿದ್ದರು. ಮಾಲೀಕ ಎರಡಕ್ಕೆ ಬಗ್ಗುವ ಕುಳವಲ್ಲ. ಉಳಿದ ಒಂಬತ್ತು ಜನರಲ್ಲಿ ಕನ್ನಡ ಓದಬಲ್ಲವರು ಇಬ್ಬರಿದ್ದೀರಿ. ನಿಮಗೇ ಹೇಳುತ್ತಿರುವುದು: ಮುದುಕನಿಗೆ ಎಂಬತ್ತು ದಾಟಿದೆ. ಕಿಟಕಿಯಿಂದ ಈಚೆ ಬನ್ನಿ, ಸಹಿ ಹಾಕಿ.