ಗಿರ್ಜಾ ಪಾತ್ರ ಬಿಡಲಿಲ್ಲ

ಧಡಾರ್ ಅಂತ ಬಿತ್ತು ಸೈಕಲ್!

ಅದರ ಜೊತೆ ಬಿದ್ದವಳು ನನ್ನ ತಂಗಿ ಗಿರ್ಜಾ, ಏಳು ವರ್ಷದವಳು. ಹಿಂದೆ ಸೀಟು ಹಿಡಿದು ಓಡುತ್ತಿದ್ದವನು, "ಬಿಡಬ್ಯಾಡ ಅಣ್ಣಾ" ಅಂತ ಅವಳು ಕೂಗುವಾಗಲೇ ಕೈ ಬಿಟ್ಟವನು... ನಾನು!

ಎಪ್ಪತ್ತರ ದಶಕದ ಮಾತು. ಊರು ಇಂಡಿ. ಸೈಕಲ್ ಅಪ್ಪನದು, ಮುಟ್ಟಲು ನಮಗೆ ಹುಕುಂ ಇರಲಿಲ್ಲ.

ಇಳಿಜಾರಿನಲ್ಲಿ ಹ್ಯಾಂಡಲ್ ಗಿರಕ್ಕನೆ ತಿರುಗಿತು. ರಬ್ಬರ್ ಕಳಚಿಹೋಗಿದ್ದ ಅದರ ತುದಿ ಹೋಗಿ ಗುದ್ದಿದ್ದು ಅವಳ ಹೊಟ್ಟೆಗೆ, ಹೊಕ್ಕಳಿನಿಂದ ನಾಲ್ಕು ಬೆರಳು ಮೇಲೆ.

ರಕ್ತವಿಲ್ಲ. ಒಂದು ದುಂಡನೆಯ ಕೆಂಪು ಗುರುತು, ಅಷ್ಟೇ. ಅವಳು ಬಾಯಿ ತೆರೆದಳು, ಅಳು ಮಾತ್ರ ಹೊರಗೆ ಬರಲಿಲ್ಲ.

ನಮ್ಮಪ್ಪ ನಾಟಕದ ಮಾಸ್ತರ. ಸಿಂದಗಿ, ನಾಲತವಾಡ, ಕರೆದಲ್ಲಿಗೆ ಹಾರ್ಮೋನಿಯಂ ಹೊತ್ತು ಹೋಗಿ ತಾಲೀಮು ಕೊಡುತ್ತಿದ್ದವರು. ಊಟಕ್ಕೆ ಕೂತು ಉಪ್ಪು ಕೇಳಿದರೂ ಮಹಾರಾಜರ ದನಿ!

ಅವರು ನಮಗೆ ಕಲಿಸಿದ್ದು ಒಂದೇ ಮಂತ್ರ. "ಏನರ ಆಗಲಿ, ಪರದೆ ಬೀಳೂತನ ಪಾತ್ರ ಬಿಡಬಾರದು."

ಆ ಮಂತ್ರವನ್ನೇ ತಂಗಿಯ ಮೇಲೆ ಪ್ರಯೋಗಿಸಿದೆ. "ಕೇಳಿಲ್ಲಿ. ನೀ ಬಿದ್ದಿಲ್ಲ. ನಾವು ಸೈಕಲ್ ಮುಟ್ಟಿಲ್ಲ. ಯಾರ ಕೇಳಿದ್ರೂ ಪಾತ್ರ ಬಿಡಬ್ಯಾಡ."

ಅವಳು ಕಣ್ಣೊರೆಸಿಕೊಂಡಳು. "ಪರದೆ ಯಾವಾಗ ಬೀಳ್ತೈತಿ ಅಣ್ಣಾ?"

"ನಾ ಹೇಳ್ತೇನಿ ತಗೋ" ಅಂದೆ.

ಸಂಜೆಗೆ ವಾಂತಿ ಶುರುವಾಯಿತು. ನಮ್ಮಜ್ಜಿ ಆಯಿ ನೋಡಿದವಳೇ "ಬಟ್ಟಿ ಸರದೈತಿ" ಅಂದಳು. ನಮ್ಮ ಕಡೆ ಮಕ್ಕಳ ಹೊಟ್ಟೆನೋವಿಗೆಲ್ಲ ಅದೇ ಹೆಸರು. ಹೊಕ್ಕಳಿನ ಕೆಳಗೆ ಮಿಡಿಯುವ ನಾಡಿ ಜಾಗ ಬಿಟ್ಟಿದೆ, ತಿಕ್ಕಿ ಮತ್ತೆ ಕೂರಿಸಬೇಕು ಅಂತ ಲೆಕ್ಕ.

ಪಕ್ಕದ ಮನೆಯ ಹುಸೇನಬೀ ಬಟ್ಟಿ ಕೂರಿಸುವುದರಲ್ಲಿ ಎತ್ತಿದ ಕೈ. ಎಣ್ಣೆ ಹಚ್ಚಿ ತಿಕ್ಕಿದಳು. ಗಿರ್ಜಾ ತುಟಿ ಕಚ್ಚಿಕೊಂಡು ನನ್ನನ್ನೇ ನೋಡುತ್ತಿದ್ದಳು.

"ಎಂಥಾ ಗಟ್ಟಿ ಹುಡುಗಿ ಐತೆವ್ವಾ ಇದು!" ಹುಸೇನಬೀ ಅವ್ವನಿಗೆ ಹೇಳಿದಳು. "ಇದರ ಜಾಗಾದಾಗ ನಿನ್ನ ಮಗಾ ಇದ್ದಿದ್ರ ಇಷ್ಟೊತ್ತಿಗೆ ಓಣಿ ತುಂಬ ಡೈಲಾಗ್ ಹೊಡೀತಿದ್ದ."

ಎರಡು ದಿನಕ್ಕೆ ನೋವು ಇಳಿಯಿತು. ಬಟ್ಟಿ ಕೂತಿತು ಅಂತ ಆಯಿಗೆ ಸಮಾಧಾನ, ಗುಟ್ಟು ಉಳಿಯಿತು ಅಂತ ನನಗೆ.

ಮೂರು ವಾರ ಕಳೆದಿರಬೇಕು... ಹುಡುಗಿ ಉಂಡದ್ದನ್ನೆಲ್ಲ ಕಕ್ಕುತ್ತಾಳೆ. ಕೈಕಾಲು ಕಡ್ಡಿಯಾಗುತ್ತಿವೆ, ಹೊಟ್ಟೆಯ ಮೇಲ್ಭಾಗ ಮಾತ್ರ ಉಬ್ಬುತ್ತಿದೆ. ಅಂಗಾತ ಮಲಗಲಾರಳು. ಮೊಣಕಾಲು ಅವಚಿಕೊಂಡು ಮುಂದಕ್ಕೆ ಬಾಗಿ ಕೂರುತ್ತಾಳೆ.

ಮತ್ತೆ ಹುಸೇನಬೀಯನ್ನು ಕರೆದರು. ಉಬ್ಬಿನ ಮೇಲೆ ಬೆರಳಿಟ್ಟವಳು ಸಟ್ಟನೆ ಕೈ ಹಿಂದಕ್ಕೆಳೆದುಕೊಂಡಳು.

"ಇದು ಬಟ್ಟಿ ಅಲ್ಲವ್ವಾ. ಒಳಗ ನೀರು ತುಂಬಿದ ಚೀಲ ಇದ್ದಂಗ ಕೈಗೆ ಹತ್ತಾಕತ್ತೈತಿ. ನಾ ತಿಕ್ಕಂಗಿಲ್ಲ, ಯಾರ ಕೈಲೂ ತಿಕ್ಕಸಬ್ಯಾಡ್ರಿ. ಮೊದಲ ದವಾಖಾನಿಗೆ ಒಯ್ರಿ!"

ಸಿಂದಗಿಯಲ್ಲಿದ್ದ ಅಪ್ಪ ತಾಲೀಮು ಅರ್ಧಕ್ಕೆ ಬಿಟ್ಟು ಬಂದರು. ಮಾರನೆಯ ದಿನ ಆಯಿಯನ್ನು ಮನೆಯಲ್ಲಿ ಬಿಟ್ಟು ನಾವು ನಾಲ್ವರೂ ರೈಲು ಹತ್ತಿ ಸೊಲ್ಲಾಪುರಕ್ಕೆ ಹೋದೆವು.

ಅಲ್ಲಿನ ಡಾಕ್ಟರು ಕನ್ನಡದವರೇ. ಎಕ್ಸ್‌ರೇ ಹಿಡಿದು ಬಹಳ ಹೊತ್ತು ನೋಡಿದರು. ಗಡ್ಡೆಯಿರಬಹುದು, ತೆರೆದೇ ನೋಡಬೇಕಾದೀತು ಅಂದರು.

"ಕೂಸು ಎಲ್ಲ್ಯರ ಬಿದ್ದಿತ್ತೇನ್ರಿ? ಹೊಟ್ಟಿಗೆ ಏನರ ಬಡದಿತ್ತೇನು?"

"ಇಲ್ರಿ ಸಾಹೇಬ್ರ" ಅಂದರು ಅಪ್ಪ.

ಡಾಕ್ಟರು ಗಿರ್ಜಾಳ ಮುಂದೆ ಬಗ್ಗಿದರು. "ನೀ ಹೇಳವ್ವಾ. ಬಿದ್ದಿದ್ದೇನು?"

ಅವಳು ನನ್ನ ಕಡೆ ನೋಡಿದಳು. ಆ ಬಿಳುಚಿದ ಮುಖ, ಒಣಗಿದ ತುಟಿ... ಆಮೇಲೆ ಡಾಕ್ಟರ ಕಡೆ ತಿರುಗಿ, ಒಂದು ಅಕ್ಷರವೂ ತಡವರಿಸದೆ ಹೇಳಿದಳು. "ಇಲ್ರಿ."

ಅಯ್ಯೋ ದೇವರೇ! ನಾನು ಕಲಿಸಿದ ಪಾತ್ರವನ್ನು ಅವಳು ಇನ್ನೂ ಬಿಟ್ಟಿರಲಿಲ್ಲ.

ಹೋಗಿ ಅವಳ ಕೈ ಹಿಡಿದೆ. "ಪಾತ್ರ ಬಿಡು ಗಿರ್ಜಾ... ಪರದೆ ಬಿತ್ತು."

ಬಿದ್ದ ದಿನದಿಂದ ತಡೆದುಕೊಂಡಿದ್ದ ಅಳು ಆಗ ಬಂತು ನೋಡಿ! ವಾರ್ಡಿಗೆ ವಾರ್ಡೇ ತಿರುಗಿ ನೋಡಿತು. ಎಲ್ಲವನ್ನೂ ನಾನೇ ಹೇಳಿದೆ. ಸೈಕಲ್, ಇಳಿಜಾರು, ಹ್ಯಾಂಡಲ್, ಕೈ ಬಿಟ್ಟದ್ದು.

ಡಾಕ್ಟರು ಮತ್ತೆ ರಕ್ತ ತೆಗೆಸಿದರು, ಸಂಜೆಗೆ ಬಂದು ಬಿಡಿಸಿ ಹೇಳಿದರು. "ಜಠರದ ಹಿಂದ ಮೇದೋಜೀರಕ ಅಂತ ಗ್ರಂಥಿ ಐತ್ರಿ. ಹ್ಯಾಂಡಲ್ ಗುದ್ದಿದಾಗ ಅದು ಬೆನ್ನೆಲುಬಿಗೆ ಒತ್ತಿ ಸೀಳೈತಿ. ಅದರ ರಸ ಸೋರಿ ಸುತ್ತ ಚೀಲ ಕಟ್ಟೈತಿ. ಇದು ಗಡ್ಡಿ ಅಲ್ಲ. ಗಡ್ಡಿ ಅಂತ ಈಗ ಕೈ ಹಾಕಿದ್ರ ಎಡವಟ್ಟಾಗ್ತಿತ್ತು. ಚೀಲದ ಗೋಡಿ ಗಟ್ಟಿ ಆಗೂತನ ಕಾಯಬೇಕು."

ಕಾದೆವು. ಜ್ವರ ಬಂತು, ಹೋಯಿತು, ಮತ್ತೆ ಬಂತು. ವಾರಗಳ ನಂತರ ಆಪರೇಷನ್ ಮಾಡಿ, ಆ ಚೀಲದ ನೀರು ಜಠರಕ್ಕೆ ಹರಿದುಹೋಗುವಂತೆ ದಾರಿ ಮಾಡಿದರು. ಗಿರ್ಜಾ ಉಳಿದಳು.

ನಾನು ಗುಟ್ಟು ಬಿಟ್ಟುಕೊಟ್ಟ ದಿನ ಅಪ್ಪ ನನ್ನನ್ನು ಆಸ್ಪತ್ರೆಯ ಮೆಟ್ಟಿಲ ಬಳಿಗೆ ಕರೆದೊಯ್ದಿದ್ದರು. ಏಟಿಗೆ ಕಣ್ಣು ಮುಚ್ಚಿಕೊಂಡೆ. ಏಟು ಬೀಳಲಿಲ್ಲ.

"ಪಾತ್ರ ಬಿಡಬ್ಯಾಡ ಅಂತ ಕಲಿಸಿದಾಂವ ನಾನ ಅಲ್ಲೇನೋ..." ಅಂದರು. ಮಹಾರಾಜರ ದನಿ ಎಲ್ಲಿ ಹೋಗಿತ್ತೋ. ಆಮೇಲೆ ಯಾವ ತಾಲೀಮಿನಲ್ಲೂ ಮಕ್ಕಳಿಗೆ ಆ ಮಾತು ಹೇಳಲಿಲ್ಲ.

ಗಿರ್ಜಾಗೆ ಈಗ ಮೊಮ್ಮಕ್ಕಳು. ಹೊಟ್ಟೆಯ ಮೇಲೆ ಉದ್ದನೆಯ ಗೆರೆ ಹಾಗೇ ಇದೆ. ಮೊನ್ನೆ ಅವಳ ಮೊಮ್ಮಗಳಿಗೆ ನಾನು ಸೈಕಲ್ ಕಲಿಸಲು ಹೋದರೆ ಗದರಿದಳು, "ಅಣ್ಣಾ, ನೀ ದೂರ ನಿಂದ್ರು. ಕೈ ಬಿಡೋ ಮಂದಿ ನೀ!"

ನಕ್ಕೆ. ಆದರೂ ಆ ಮಗು ಇಳಿದ ಕೂಡಲೇ ಕೇಳಿದೆ, "ಎಲ್ಲ್ಯರ ಬಡೀತೇನವ್ವಾ? ಖರೇ ಹೇಳು, ಯಾರೂ ಬೈಯಂಗಿಲ್ಲ."

ನಿಮ್ಮ ಮನೆಯಲ್ಲೂ ಬೈಗುಳಕ್ಕೆ ಹೆದರಿ ಪಾತ್ರ ಬಿಡದೆ ಕೂತಿರುವ ಮಗು ಇರಬಹುದು... ಪರದೆ ಬಿತ್ತು ಅಂತ ಅದಕ್ಕೆ ಯಾರಾದರೂ ಹೇಳಿದ್ದೀರಾ?